ಕನ್ನಡದಲ್ಲಿ ಸಂಗೀತಕ್ಕೇ ಒಂದು ಪತ್ರಿಕೆ ಮಾಡಬೇಕು ಅಂತಿದ್ದೇವೆ, ಓದುಗರು ಯಾರು ಅಂತ ತಿಳಿಯೋದು ಹೇಗೆ?

ಶ್ರುತಿಪೆಟ್ಟಿಗೆ:

ನಾವು ಮೂರು ಜನ ಗೆಳೆಯರು ಸೇರಿ ಕನ್ನಡದಲ್ಲಿ ಸಂಗೀತದ್ದೇ ಒಂದು ಪತ್ರಿಕೆ ತರಬೇಕು ಅಂತಿದ್ದೇವೆ. ಎರಡು ತಿಂಗಳಿಗೊಮ್ಮೆ, ಅಚ್ಚಿನಲ್ಲಿ, 64 ಪುಟ. ಒಬ್ಬಳು ಪುಟ ವಿನ್ಯಾಸ ಮಾಡುತ್ತಾಳೆ, ಇನ್ನೊಬ್ಬ ವಯೊಲಿನ್ ಪಾಠ ಹೇಳುತ್ತಾನೆ, ಬರವಣಿಗೆ ನನ್ನದು. ಮೂವರೂ ಇರುವುದು ಬೆಂಗಳೂರಿನಲ್ಲಿ.

ಚೆನ್ನೈನಲ್ಲಿ 'ಶ್ರುತಿ' ಅಂತ ಇಂಗ್ಲಿಷ್ ಪತ್ರಿಕೆ 1983ರಲ್ಲಿ ಶುರುವಾಯಿತು. ಹಿಂದಿಯಲ್ಲಿ ಹಾಥರಸ್‌ನಿಂದ 'ಸಂಗೀತ್' 1935ರಲ್ಲೇ ಬಂತು. ನಮ್ಮಲ್ಲಿ ನೋಡಿದರೆ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡೂ ಒಂದೇ ರಾಜ್ಯದಲ್ಲಿವೆ, ಭಾವಗೀತೆ ಇದೆ, ತತ್ವಪದ ಇದೆ, ಯಕ್ಷಗಾನದ ಭಾಗವತಿಕೆ ಇದೆ, ಈಗ ಕನ್ನಡ ರ‍್ಯಾಪ್ ಕೂಡ ಜೋರಾಗಿದೆ. ಆದರೆ ಅಂಗಡಿಗೆ ಹೋಗಿ ಸಂಗೀತದ ಕನ್ನಡ ಪತ್ರಿಕೆ ಕೊಡಿ ಅಂದರೆ ಸಿನಿಮಾ ಪತ್ರಿಕೆ ತೆಗೆದುಕೊಡುತ್ತಾರೆ.

ಓದುಗರು ಯಾರು ಅಂತ ಮೊದಲು ತಿಳಿಯೋಣ ಅಂತ ಒಂದು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದೆವು. ವಯಸ್ಸು, ಯಾವ ಸಂಗೀತ ಇಷ್ಟ, ಪತ್ರಿಕೆ ಬಂದರೆ ಕೊಳ್ಳುತ್ತೀರಾ, ಬೆಲೆ ಎಷ್ಟಿರಬೇಕು, ಏನೇನು ಇರಬೇಕು. ಇಷ್ಟೇ ಪ್ರಶ್ನೆ. ನೂರು ಚಿಲ್ಲರೆ ಉತ್ತರ ಬಂದಿವೆ. ಹೆಚ್ಚುಕಮ್ಮಿ ಎಲ್ಲರೂ ಕೊಳ್ಳುತ್ತೇವೆ ಅಂದಿದ್ದಾರೆ. ಎಲ್ಲರಿಗೂ ಎಲ್ಲಾ ಥರದ ಸಂಗೀತವೂ ಇಷ್ಟ. ಬೆಲೆಗೆ 50, 80, 100 ಅಂತ ಕೊಟ್ಟಿದ್ದೆವು, ಮುಕ್ಕಾಲು ಪಾಲು ಜನ 50ಕ್ಕೆ ಟಿಕ್ ಮಾಡಿದ್ದಾರೆ. ವಿನ್ಯಾಸದವಳಿಗೆ ಖುಷಿಯೋ ಖುಷಿ, ಮೊದಲ ಸಂಚಿಕೆಯ ಮುಖಪುಟ ಮಾಡಲು ಕೂತಿದ್ದಾಳೆ. ನನಗೆ ಮಾತ್ರ ಇದರಿಂದ ಏನೂ ಗೊತ್ತಾಗಲಿಲ್ಲ ಅನ್ನಿಸುತ್ತಿದೆ. ಈ ಕೆಲಸ ಮಾಡಿ ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ, ಇನ್ನೂ ಜಾಸ್ತಿ ಜನರಿಗೆ ಕಳಿಸಬೇಕಾ, ಅಥವಾ ಪ್ರಶ್ನೆಗಳನ್ನೇ ಬದಲಾಯಿಸಬೇಕಾ?

ಸ್ಯಾಂಪಲ್_ಸೀನ:

ಪ್ರಶ್ನೆ ಬದಲಾಯಿಸಿ, ಕೇಳುವ ಜನರನ್ನೂ ಬದಲಾಯಿಸಿ. ನನ್ನ ಹೊಟ್ಟೆಪಾಡು ಇದೇ, ಸೋಪು, ಬಿಸ್ಕತ್ತು, ಮೊಬೈಲು ಅಂತ ಮಾರುಕಟ್ಟೆ ಸಮೀಕ್ಷೆ ಮಾಡುವುದು.

ನಿಮ್ಮ ಫಾರ್ಮ್ ತುಂಬಿದವರು ನಿಮ್ಮ ಸ್ನೇಹಿತರು, ಸ್ನೇಹಿತರ ಸ್ನೇಹಿತರು. ಅವರನ್ನು "ಕೊಳ್ಳುತ್ತೀರಾ" ಅಂತ ಕೇಳುವುದು ಮದುವೆ ಮನೆಯವರು ಪಂಕ್ತಿಯಲ್ಲಿ ಬಂದು "ಊಟ ಹೇಗಿತ್ತು" ಅಂತ ಕೇಳಿದ ಹಾಗೆ. ಚೆನ್ನಾಗಿಲ್ಲ ಅಂತ ಯಾರು ಹೇಳುತ್ತಾರೆ?

ಜಾಸ್ತಿ ಜನರಿಗೆ ಕಳಿಸಿದರೂ ಇದು ಸರಿಹೋಗುವುದಿಲ್ಲ. ಅಮೆರಿಕದಲ್ಲಿ 'ಲಿಟರರಿ ಡೈಜೆಸ್ಟ್' ಅಂತ ಒಂದು ಪತ್ರಿಕೆ ಇತ್ತು. 1936ರ ಅಧ್ಯಕ್ಷ ಚುನಾವಣೆಗೆ ಅವರು ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿದರು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ ಎರಡು ರಾಜ್ಯ ಬಿಟ್ಟು ಉಳಿದ ಎಲ್ಲಾ ಕಡೆ ಗೆದ್ದರು. ವಿಳಾಸಗಳನ್ನು ತೆಗೆದದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಯಿಂದ. ಆರ್ಥಿಕ ಕುಸಿತದ ಕಾಲದಲ್ಲಿ ಅವು ಯಾರ ಮನೆಯಲ್ಲಿರುತ್ತವೆ ಹೇಳಿ. ಅದಕ್ಕಿಂತ ಎಷ್ಟೋ ಕಡಿಮೆ ಜನರ ಸ್ಯಾಂಪಲ್ ಇಟ್ಟುಕೊಂಡು ಜಾರ್ಜ್ ಗ್ಯಾಲಪ್ ಅನ್ನುವ ಸಮೀಕ್ಷೆಯವರು ಸರಿಯಾಗಿ ಹೇಳಿದರು. ಡೈಜೆಸ್ಟ್ 1938ರಲ್ಲಿ ಮುಚ್ಚಿಹೋಯಿತು. ಬೆಂಗಳೂರಿನ ವಾಟ್ಸಾಪ್ ಗುಂಪುಗಳೂ ಅಂಥದ್ದೇ ಒಂದು ಪಟ್ಟಿ.

ಲೆಕ್ಕಕ್ಕೆ ಬೇಕಾದರೆ: ಚೀಟಿ ಎತ್ತಿದಷ್ಟು ನಿಷ್ಪಕ್ಷಪಾತವಾಗಿ ಆರಿಸಿದ 100 ಜನರನ್ನು ಕೇಳಿದರೆ ಉತ್ತರ ಶೇಕಡಾ 10ರಷ್ಟು ಆಚೀಚೆ ಇರಬಹುದು, 400 ಜನರನ್ನು ಕೇಳಿದರೆ 5. ಆದರೆ ಆರಿಸುವುದೇ ವಾಲಿಕೊಂಡಿದ್ದರೆ ಈ ಲೆಕ್ಕ ಯಾವುದಕ್ಕೂ ಬರುವುದಿಲ್ಲ.

ಪ್ರಶ್ನೆಗಳ ವಿಷಯ. "ಮುಂದೆ ಮಾಡುತ್ತೀರಾ" ಅಂತ ಕೇಳಬೇಡಿ, "ಹಿಂದೆ ಏನು ಮಾಡಿದಿರಿ" ಅಂತ ಕೇಳಿ. ಯಾವ ಸಂಗೀತ ಇಷ್ಟ ಅನ್ನುವುದಕ್ಕೆ ಬದಲು ನಿನ್ನೆ ಏನು ಕೇಳಿದಿರಿ, ಯಾವುದರಲ್ಲಿ ಕೇಳಿದಿರಿ ಅನ್ನಿ. ಕೊನೆಯ ಸಲ ಯಾವ ಕಾರ್ಯಕ್ರಮಕ್ಕೆ ಹೋಗಿದ್ದಿರಿ, ಟಿಕೆಟ್ ಕೊಂಡಿರಾ, ಪುಕ್ಕಟೆಯಾ? ಕಳೆದ ಒಂದು ವರ್ಷದಲ್ಲಿ ಸಂಗೀತಕ್ಕೆ ಅಂತ ಜೇಬಿನಿಂದ ಯಾವುದಕ್ಕೆ ದುಡ್ಡು ಹೋಯಿತು: ಪಾಠದ ಫೀಸು, ತಂಬೂರಿ ರಿಪೇರಿ, ಆ್ಯಪ್ ಚಂದಾ, ಪುಸ್ತಕ? ಕೊನೆಯ ಸಲ ದುಡ್ಡು ಕೊಟ್ಟು ಕೊಂಡ ಕನ್ನಡ ಪತ್ರಿಕೆ ಯಾವುದು, ಯಾವಾಗ? ಈ ಕೊನೇ ಪ್ರಶ್ನೆಗೆ ತುಂಬಾ ಜನ ತಡವರಿಸುತ್ತಾರೆ. ಆ ತಡವರಿಕೆಯೇ ನಿಮಗೆ ಬೇಕಾದ ಮಾಹಿತಿ.

ಬೆಲೆಗೆ ಮೂರು ಅಂಕಿ ಕೊಟ್ಟು ಆರಿಸಿ ಅಂದರೆ ಎಲ್ಲರೂ ಕಡಿಮೆಯದ್ದನ್ನೇ ಆರಿಸುತ್ತಾರೆ, ಅದರಲ್ಲಿ ಆಶ್ಚರ್ಯ ಏನಿದೆ. ವಾನ್ ವೆಸ್ಟೆನ್‌ಡಾರ್ಪ್ ಅನ್ನುವ ಡಚ್ ಅರ್ಥಶಾಸ್ತ್ರಜ್ಞರು 1976ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆಯ ವಿಧಾನ ಈಗಲೂ ನಡೆಯುತ್ತದೆ. ಅಂಕಿ ನೀವು ಕೊಡಬೇಡಿ, ಅವರೇ ಹೇಳಲಿ: ಎಷ್ಟಾದರೆ "ಇಷ್ಟು ಅಗ್ಗವಾ, ಒಳಗೆ ಏನೂ ಇರಲಿಕ್ಕಿಲ್ಲ" ಅನ್ನಿಸುತ್ತದೆ, ಎಷ್ಟಾದರೆ ಒಳ್ಳೇ ಬೆಲೆ, ಎಷ್ಟಾದರೆ ದುಬಾರಿ ಆದರೂ ತೆಗೆದುಕೊಳ್ಳಬಹುದು, ಎಷ್ಟಾದರೆ ಬೇಡವೇ ಬೇಡ.

ಇದೆಲ್ಲಕ್ಕೂ ಮುಂಚೆ ಹತ್ತು ಹನ್ನೆರಡು ಜನರ ಜೊತೆ ಅವರ ಮನೆಯಲ್ಲೇ ಕೂತು ಮಾತಾಡಿ. ಫಾರ್ಮಿನಲ್ಲಿ ಏನು ಕೇಳಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹಳೇ_ಬಂಡಲ್:

ಒಂದು ವಾರಪತ್ರಿಕೆಯ ಪ್ರಸರಣ ವಿಭಾಗದಲ್ಲಿದ್ದು ನಿವೃತ್ತಿಯಾದವನು ನಾನು. ಸೀನ ಅವರು ಹೇಳಿದ್ದು ಸರಿ. ಆದರೆ ಅವರು ಓದುಗರ ಬಗ್ಗೆ ಹೇಳುತ್ತಿದ್ದಾರೆ. ಕೊಳ್ಳುವವರು ಬೇರೆ, ಓದುವವರು ಬೇರೆ.

ಎಬಿಸಿ ಅಂತ 1948ರಿಂದ ಒಂದು ಸಂಸ್ಥೆ ಇದೆ, ಅದು ಮಾರಾಟವಾದ ಪ್ರತಿಗಳನ್ನು ಎಣಿಸುತ್ತದೆ. ಐಆರ್‌ಎಸ್ ಅನ್ನುವ ಸಮೀಕ್ಷೆ ಮನೆಮನೆಗೆ ಹೋಗಿ ಓದಿದವರನ್ನು ಎಣಿಸುತ್ತಿತ್ತು, 2019ರದ್ದು ಆದಮೇಲೆ ಅದು ವರ್ಷಗಟ್ಟಲೆ ನಿಂತುಹೋಯಿತು. ಅದು ಇದ್ದರೂ ನಿಮ್ಮಂಥ ಚಿಕ್ಕ ಪತ್ರಿಕೆ ಅದರ ಬಲೆಗೆ ಬೀಳುವುದಿಲ್ಲ. ಈ ಎರಡು ಲೆಕ್ಕದ ನಡುವೆ ಎಷ್ಟು ಅಂತರ ಅಂದರೆ, ಕ್ಷೌರದಂಗಡಿಯಲ್ಲಿ ಬಿದ್ದಿರುವ ಒಂದು ಪ್ರತಿಯನ್ನು ವಾರವಿಡೀ ಎಷ್ಟು ಜನ ತಿರುವುತ್ತಾರೆ, ದುಡ್ಡು ಕೊಟ್ಟವನು ಒಬ್ಬನೇ. ಜಾಹೀರಾತಿನವರಿಗೆ ಓದುಗರ ಲೆಕ್ಕ ಬೇಕು. ಮುದ್ರಣದವರ ಬಿಲ್ಲು ಕಟ್ಟಲು ಕೊಂಡವರ ಲೆಕ್ಕ ಬೇಕು. ಸಂಗೀತ ಪತ್ರಿಕೆಗೆ ಜಾಹೀರಾತು ಯಾರು ಕೊಡುತ್ತಾರೆ? ವೀಣೆ ಮಾಡುವವರು, ಸಂಗೀತ ಶಾಲೆಯವರು, ರೇಷ್ಮೆ ಸೀರೆಯವರು, ಹಬ್ಬದ ಸಮಯಕ್ಕೆ ಒಂದು ಬ್ಯಾಂಕು. ಮುಗಿಯಿತು. ಹಾಗಾಗಿ ಚಂದಾದಾರರ ಮೇಲೆಯೇ ನಿಲ್ಲಬೇಕು. ಕನ್ನಡದಲ್ಲಿ ಜಾಹೀರಾತೇ ಇಲ್ಲದೆ ನಡೆದ ಪತ್ರಿಕೆ ಇದೆ, ಲಂಕೇಶ್ ಪತ್ರಿಕೆ, 1980ರಲ್ಲಿ ಶುರುವಾದದ್ದು. ಆದರೆ ಅದು ವಾರವಾರ ಜನ ಕಾಯುತ್ತಿದ್ದ ರಾಜಕೀಯ ಪತ್ರಿಕೆ, ಎರಡು ತಿಂಗಳಿಗೊಮ್ಮೆ ಬರುವುದಕ್ಕೆ ಆ ಚಟ ಹಿಡಿಸುವುದು ಸುಲಭ ಅಲ್ಲ.

ಪುಕ್ಕಟೆ ಹಂಚಿ ಓದುಗರನ್ನು ಹಿಡಿಯೋಣ ಅನ್ನುವ ಯೋಚನೆ ಬಂದರೆ ಬಿಟ್ಟುಬಿಡಿ. ಲಂಡನ್ನಿನ 'ಎನ್‌ಎಂಇ' 1952ರಿಂದ ಬರುತ್ತಿದ್ದ ಸಂಗೀತ ವಾರಪತ್ರಿಕೆ. 2015ರಲ್ಲಿ ಪುಕ್ಕಟೆ ಮಾಡಿದರು. ಹಂಚುವ ಪ್ರತಿಗಳು ಲಕ್ಷಗಟ್ಟಲೆ ಆದವು. 2018ರಲ್ಲಿ ವಾರದ ಅಚ್ಚು ನಿಂತಿತು.

ನಿಮಗೆ ನನ್ನ ಕಡೆಯಿಂದ ಒಂದೇ ಕೆಲಸ. ನಾಲ್ಕು ಊರಿನ ಪತ್ರಿಕೆ ಏಜೆಂಟರ ಹತ್ತಿರ ಹೋಗಿ. ಬೆಳಿಗ್ಗೆ ಬಂಡಲ್ ಬಿಚ್ಚುವ ಹೊತ್ತಿಗೆ ಬೇಡ, ಬೈಸಿಕೊಳ್ಳುತ್ತೀರಿ, ಹತ್ತು ಗಂಟೆ ಮೇಲೆ ಹೋಗಿ. ಮಾಸಿಕಗಳಲ್ಲಿ ಯಾವುದು ಎಷ್ಟು ಬರುತ್ತದೆ, ಎಷ್ಟು ವಾಪಸ್ ಹೋಗುತ್ತದೆ ಅಂತ ಕೇಳಿ. ವಾಪಸ್ ಬರುವ ಪ್ರತಿಗಳೇ ಚಿಕ್ಕ ಪತ್ರಿಕೆಯ ಪ್ರಾಣ ತೆಗೆಯುವುದು. ಯಾವ ಊರಿನಲ್ಲಿ ಯಾರು ಏನು ಓದುತ್ತಾರೆ ಅಂತ ಏಜೆಂಟರಿಗೆ ಮನೆ ನಂಬರಿನ ಸಮೇತ ಗೊತ್ತು.

ತಾನ್‌ಪುರ_ಟೀಚರ್:

ಎಲ್ಲರೂ ಬೆಂಗಳೂರಿನಲ್ಲೇ ಕೂತು ಮಾತಾಡುತ್ತಿದ್ದೀರಿ, ಸ್ವಲ್ಪ ಈ ಕಡೆಗೂ ಬರ್ರಿ. ನಾನು ಗದಗ ಜಿಲ್ಲೆಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ.

ನಿಮ್ಮ ಫಾರ್ಮಿನಲ್ಲಿ "ಶಾಸ್ತ್ರೀಯ" ಅಂತ ಒಂದೇ ಡಬ್ಬಿ ಇದೆಯೇನು? ಹಾಗಿದ್ದರೆ ಅದು ಕರ್ನಾಟಕ, ಹಿಂದೂಸ್ತಾನಿ ಅಂತ ಎರಡಾಗಬೇಕು. ಭೀಮಸೇನ ಜೋಶಿ ಹುಟ್ಟಿದ್ದು, ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಹಾಡಿಕೊಂಡು ಬಂದದ್ದು ಈ ಸೀಮೆಯಲ್ಲಿ. ಇಲ್ಲಿಯವರಿಗೆ ನಿಮ್ಮ ಕಡೆಯ ರಾಮನವಮಿ ಸಂಗೀತ ಕಚೇರಿಯ ವಿಮರ್ಶೆ ಕೊಟ್ಟರೆ ಸುಮ್ನೆ ಪುಟ ತಿರುಗಿಸುತ್ತಾರೆ. ಹಾಗೇ ಮೈಸೂರಿನವರಿಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಸಂಗೀತೋತ್ಸವದ ವರದಿ ಎಷ್ಟು ಬೇಕಾದೀತು? ನೊಟೇಶನ್ ಹಾಕುತ್ತೀರಾದರೆ ಇನ್ನೊಂದು ತಲೆನೋವು. ನಮ್ಮ ಮಕ್ಕಳು ಓದುವುದು ಭಾತಖಂಡೆಯವರ ಪದ್ಧತಿ, ಕೋಮಲಕ್ಕೆ ಕೆಳಗೆ ಗೆರೆ, ಮೇಲಿನ ಸಪ್ತಕಕ್ಕೆ ಮೇಲೆ ಚುಕ್ಕಿ. ನಿಮ್ಮ ಕಡೆಯ ಸ್ವರಲಿಪಿ ಬೇರೆ.

ಆದರೆ ಎರಡೂ ಕಡೆ ಒಂದೇ ರೀತಿ ಇರುವ ಜನ ಒಬ್ಬರಿದ್ದಾರೆ, ಪರೀಕ್ಷೆಗೆ ಕೂರುವವರು. ಹಳೇ ಮೈಸೂರಿನ ಕಡೆ ಜೂನಿಯರ್, ಸೀನಿಯರ್, ವಿದ್ವತ್. ಈ ಕಡೆ ಜಾಸ್ತಿ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ, ಪ್ರಾರಂಭಿಕದಿಂದ ವಿಶಾರದದವರೆಗೆ. ಹಾಡುವುದು ಗುರುಗಳು ಕಲಿಸುತ್ತಾರೆ. ಶಾಸ್ತ್ರದ ಪೇಪರಿಗೆ ರಾಗ ಲಕ್ಷಣ, ತಾಳ, ಸಂಗೀತಗಾರರ ಜೀವನ ಚರಿತ್ರೆ ಎಲ್ಲಾ ಬರೆಯಬೇಕು, ಅದಕ್ಕೆ ಸರಳ ಕನ್ನಡದಲ್ಲಿ ಒಳ್ಳೇ ಸಾಮಗ್ರಿ ಹುಡುಕಿ ಹುಡುಕಿ ನಮಗೆ ಸಾಕಾಗಿದೆ. ನನ್ನ ಹತ್ತಿರ ಬರುವ ತಾಯಂದಿರು ಮನರಂಜನೆಗೆ ಅಂತ ಹತ್ತು ರೂಪಾಯಿ ಕೊಡಲಿಕ್ಕೆ ಹತ್ತು ಸಲ ಯೋಚಿಸುತ್ತಾರೆ, ಮಗಳ ಪರೀಕ್ಷೆಗೆ ಅಂದರೆ ಕೇಳಿದಷ್ಟು ಕೊಡುತ್ತಾರೆ. ಇವರನ್ನು ಕೇಳಿದಿರಾ? ಇವರಿಗೆ ಫಾರ್ಮ್ ಕಳಿಸಬೇಡಿ, ಫೋನ್ ಮಾಡಿ. ಅಥವಾ ಸಂಗೀತ ಶಾಲೆಗೆ ಸಂಜೆ ಬನ್ನಿ, ಮಕ್ಕಳ ಪಾಠ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾರೆ, ಮಾತಾಡಲಿಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ.

ಇನ್ನೊಂದು ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮ ಗೊತ್ತಲ್ಲ, ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಟ್ಟಿದ್ದು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಕಲಿತು ಹೋದ ಎಷ್ಟೋ ಅಂಧ ಸಂಗೀತಗಾರರು ಈಗ ಊರೂರಲ್ಲಿ ಸಂಗೀತ ಶಿಕ್ಷಕರು, ಭಜನೆ ಕಲಿಸುವವರು. ಕನ್ನಡದಲ್ಲಿ ಸಂಗೀತದ ಪತ್ರಿಕೆ ಬಂದರೆ ಮೊದಲು ಬೇಕಾಗುವುದು ಅವರಿಗೆ, ಅಚ್ಚಿನಲ್ಲಿ ತಂದರೆ ಮೊದಲು ಹೊರಗುಳಿಯುವವರೂ ಅವರೇ. ಓದಿ ಹೇಳುವ ಧ್ವನಿ ಸಂಚಿಕೆ ಬೇಕಾ ಅಂತ ನಿಮ್ಮ ಪ್ರಶ್ನೆಗಳಲ್ಲಿ ಎಲ್ಲೂ ಇಲ್ಲ.

ಬೀಟ್_ಮೇಲ್_ಬೀಟ್:

ಮೈಸೂರು ಹುಡುಗ, ರ‍್ಯಾಪ್ ಬರೆಯುತ್ತೇನೆ, ಬೀಟ್ ಮಾಡುತ್ತೇನೆ. ನೇರವಾಗಿ ಹೇಳುತ್ತೇನೆ, ಬೇಜಾರು ಬೇಡ. ನಾವು ಅಚ್ಚಿನ ಪತ್ರಿಕೆ ಕೊಳ್ಳುವುದಿಲ್ಲ. ನೀವು ಫಾರ್ಮ್ ಕಳಿಸಿದರೆ ಹೂಂ ಅಂತ ಟಿಕ್ ಮಾಡುತ್ತೇವೆ, ಯಾಕೆಂದರೆ ಕನ್ನಡದಲ್ಲಿ ಏನೋ ಆಗುತ್ತಿದೆ ಅಂದರೆ ಖುಷಿ. ರ‍್ಯಾಪರ್ ಆಲ್ ಓಕೆ ಹೊಸ ಹಾಡು ಬಿಟ್ಟರೆ ಆ ಕ್ಷಣ ಯೂಟ್ಯೂಬಿನಲ್ಲಿ ನೋಡಿ, ಕಾಮೆಂಟಿನಲ್ಲಿ ಜಗಳ ಮಾಡಿ, ರಾತ್ರಿ ಹೊತ್ತಿಗೆ ಮುಗಿದುಹೋಗಿರುತ್ತದೆ. ಎರಡು ತಿಂಗಳಾದ ಮೇಲೆ ಅದರ ವಿಮರ್ಶೆ ಬಂದರೆ ಏನು ಮಾಡಲಿ?

ದಯವಿಟ್ಟು "ಯುವಜನರಿಗಾಗಿ" ಅಂತ ಒಂದೇ ಒಂದು ರ‍್ಯಾಪ್ ಪುಟ ಹಾಕಬೇಡಿ. ಒಂದೋ ಪೂರ್ತಿ ಹಾಕಿ, ಇಲ್ಲಾ ಬಿಡಿ.

ನಮಗೆ ನಿಜವಾಗಿ ಬೇಕಾದ್ದು ಬೇರೆ ಇದೆ. ಹಾಡು ಬಿಟ್ಟರೆ ದುಡ್ಡು ಎಲ್ಲಿಂದ ಬರುತ್ತದೆ? ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಗೆ ಸದಸ್ಯರಾಗುವುದು ಹೇಗೆ, 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆದಮೇಲೆ ಬರೆದವರಿಗೆ, ರಾಗ ಹಾಕಿದವರಿಗೆ ಏನು ಹಕ್ಕು ಇದೆ, ಆಡಿಯೋ ಕಂಪನಿ ಕೊಡುವ ಕಾಗದಕ್ಕೆ ಸಹಿ ಹಾಕುವ ಮುಂಚೆ ಯಾವ ಸಾಲು ಓದಬೇಕು? ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ನಮ್ಮ ಕೈಗೆ ಸಿಗುತ್ತಿಲ್ಲ. ಗೆಳೆಯನೊಬ್ಬ ಓದದೇ ಸಹಿ ಹಾಕಿ ತನ್ನ ಹಾಡನ್ನು ತಾನೇ ಸ್ಟೇಜ್ ಮೇಲೆ ಹಾಡಲು ಒಪ್ಪಿಗೆ ಕೇಳುತ್ತಾ ಅಲೆಯುತ್ತಿದ್ದಾನೆ. ಇಂಥದ್ದು ಬಂದರೆ ಪಿಡಿಎಫ್ ಆದರೂ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ. ಆರ್ಕೆಸ್ಟ್ರಾ ಹಾಡುಗಾರರಿಗೂ ಇದೇ ಬೇಕು, ಕೇಳಿ ನೋಡಿ.

ಕರೋಕೆ_ರಾಯರು:

ಹುಡುಗರೆಲ್ಲ ಮಾತಾಡಿದ್ದಾಯಿತು, ನಮ್ಮ ಕಡೆ ಯಾರೂ ತಿರುಗಿ ನೋಡಲಿಲ್ಲ. ಬ್ಯಾಂಕಿನಿಂದ ನಿವೃತ್ತನಾಗಿ ನಾನು ಕರೋಕೆ ಗುಂಪು ಸೇರಿಕೊಂಡೆ. ನಮ್ಮ ಬಡಾವಣೆಯಲ್ಲೇ ಇಂಥ ಗುಂಪು ಒಂದಕ್ಕಿಂತ ಜಾಸ್ತಿ ಇವೆ. ಭಾನುವಾರ ಬಂದರೆ ಹಾಲ್ ಬಾಡಿಗೆ, ಮೈಕು, ಟ್ರ್ಯಾಕು, ಒಳ್ಳೇ ಶರ್ಟು, ಎಲ್ಲಾ ಸ್ವಂತ ಖರ್ಚು. ದುಡ್ಡೂ ಇದೆ, ಹೊತ್ತೂ ಇದೆ, ಕಾಗದದ ಮೇಲೆ ಓದುವ ಅಭ್ಯಾಸವೂ ಇದೆ. ಸುಧಾ, ತರಂಗ, ಮಯೂರ ಓದಿಕೊಂಡೇ ಬೆಳೆದವರು.

ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಇವರ ಹಾಡುಗಳು ಹೇಗೆ ಹುಟ್ಟಿದವು, ಯಾವ ರಾಗದ ಛಾಯೆ, ಹಿಂದೆ ಕೊಳಲು ನುಡಿಸಿದವರು ಯಾರು, ನನ್ನಂಥ ಗಂಟಲಿಗೆ ಎಷ್ಟು ಶ್ರುತಿ ಇಳಿಸಿಕೊಂಡರೆ ಅನುಕೂಲ, ಇದನ್ನು ಬರೆದರೆ ವರ್ಷದ ಚಂದಾ ಒಟ್ಟಿಗೆ ಕೊಡುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಅಕ್ಷರ ಮಾತ್ರ ದೊಡ್ಡದಾಗಿರಲಿ. ವಿನ್ಯಾಸ ಮಾಡುವ ಹುಡುಗಿಗೆ ಇದನ್ನು ಮರೆಯದೆ ಹೇಳಿ, ಈಗಿನವರು ಬೂದು ಬಣ್ಣದ ಮೇಲೆ ಬೂದು ಅಕ್ಷರ ಹಾಕುತ್ತಾರೆ.

ಶ್ರುತಿಪೆಟ್ಟಿಗೆ:

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮೂವರೂ ಕೂತು ಇದನ್ನೆಲ್ಲ ಓದಿ ಸರೀ ಜಗಳ ಆಡಿದೆವು. ವಯೊಲಿನ್‌ನವನು ಪರೀಕ್ಷೆಯ ಮಾತು ಬಂದ ಕೂಡಲೇ "ನಾನು ಗೈಡು ಮಾಡಲು ಬಂದಿಲ್ಲ" ಅಂತ ಎದ್ದುಬಿಟ್ಟ. ಅವನ ಶಿಷ್ಯರಲ್ಲಿ ಎಷ್ಟು ಜನ ಪರೀಕ್ಷೆಗೆ ಕಟ್ಟುತ್ತಾರೆ ಅಂತ ಕೇಳಿದೆ, ಸುಮ್ಮನಾದ.

ಎಲ್ಲರಿಗೂ ಒಂದೇ ಪತ್ರಿಕೆ ಅನ್ನುವುದನ್ನು ಈಗ ಬಿಟ್ಟಿದ್ದೇವೆ. ಎರಡು ಗುಂಪು ಇಟ್ಟುಕೊಂಡು ಹುಡುಕುತ್ತೇವೆ. ಒಂದು, ಸಂಗೀತ ಕಲಿಯುವವರು, ಕಲಿಸುವವರು, ಅವರ ಮನೆಯವರು. ಇನ್ನೊಂದು, ರಾಯರ ಥರ ಹವ್ಯಾಸಕ್ಕೆ ಹಾಡುವವರು, ಅದರಲ್ಲಿ ಭಜನಾ ಮಂಡಳಿಯವರೂ ಬರಬಹುದು. ಇಬ್ಬರೂ ಕೇಳುಗರಷ್ಟೇ ಅಲ್ಲ, ತಾವೇ ಹಾಡುವವರು. ಬೀಟ್ ಕೇಳಿದ ಹಕ್ಕು, ರಾಯಲ್ಟಿ ವಿಷಯ ಬೇರೆಯೇ ಒಂದು ಪುಸ್ತಿಕೆಯಾಗಿ ಪಿಡಿಎಫ್ ಮಾಡೋಣ ಅನ್ನಿಸುತ್ತಿದೆ. ಟೀಚರ್, ಧ್ವನಿ ಸಂಚಿಕೆಯ ಪ್ರಶ್ನೆ ಸೇರಿಸಿದ್ದೇವೆ, ಗದಗಕ್ಕೆ ಬಂದಾಗ ನಿಮ್ಮ ಶಾಲೆಯ ಕಟ್ಟೆಯ ಮೇಲೆ ನಾವೂ ಕೂರಬಹುದಾ?

ಹೊಸ ಪ್ರಶ್ನೆಗಳಲ್ಲಿ ಒಂದು ಹೀಗಿದೆ: "ಸಂಗೀತದ ಬಗ್ಗೆ ಗುಣಮಟ್ಟದ ಕನ್ನಡ ಬರಹಗಳ ಕೊರತೆ ಇದೆ ಅಂತ ನಿಮಗೆ ಅನ್ನಿಸುತ್ತದೆಯೇ?" ಇದು ಸರಿ ಇದೆಯಾ ಸೀನ ಅವರೇ? ಮತ್ತೆ, ರಾಮನವಮಿ ಕಚೇರಿಗಳಿಗೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಹತ್ತಿರ ನಿಂತು ಜನರನ್ನು ಕೇಳೋಣ ಅಂತಿದ್ದೇವೆ. ಅಲ್ಲಿ ಕಾಫಿ ಅಂಗಡಿ ಹತ್ತಿರ ನಿಂತರೆ ಸುಲಭ, ಎಲ್ಲರೂ ಆರಾಮಾಗಿ ಇರುತ್ತಾರೆ.

ತಾನ್‌ಪುರ_ಟೀಚರ್:

ಬರ್ರಿ, ಕಟ್ಟೆ ದೊಡ್ಡದಿದೆ. ಪರೀಕ್ಷೆ ಹತ್ತಿರ ಬಂದಾಗ ಬರಬೇಡಿ, ಆಗ ಯಾರೂ ನಿಮ್ಮ ಕಡೆ ನೋಡುವುದಿಲ್ಲ.

ಹಳೇ_ಬಂಡಲ್:

ಸಮೀಕ್ಷೆ ನಡೆಯುವಾಗಲೇ ಹೆಸರಿನ ಕೆಲಸ ಶುರು ಮಾಡಿ. ಪತ್ರಿಕೆಗಳ ನೋಂದಣಿಗೆ 2023ರ ಹೊಸ ಕಾಯ್ದೆ ಬಂದಮೇಲೆ ಎಲ್ಲ ಆನ್‌ಲೈನ್. ಒಂದೇ ಹೆಸರು ಹಿಡಿದುಕೊಂಡು ಕೂರಬೇಡಿ, ನಾಲ್ಕೈದು ಇಟ್ಟುಕೊಳ್ಳಿ, ರಾಗದ ಹೆಸರುಗಳನ್ನೆಲ್ಲ ಯಾರೋ ಆಗಲೇ ಹಿಡಿದಿಟ್ಟಿರುತ್ತಾರೆ. ಎರಡು ತಿಂಗಳಿಗೊಮ್ಮೆ ಬರುವ ಪತ್ರಿಕೆಗೆ ಅಂಚೆಯಲ್ಲಿ ರಿಯಾಯಿತಿ ದರ ಸಿಗುತ್ತದೆಯೇ ಅಂತ ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಿ, ಸಿಕ್ಕರೆ ಚಂದಾದಾರರನ್ನೇ ನಂಬಿದ ಪತ್ರಿಕೆಗೆ ಅದು ದೊಡ್ಡ ಉಳಿತಾಯ. ಮತ್ತೆ, ಕೊಳ್ಳುತ್ತೇನೆ ಅಂದವರ ಹೆಸರು ಬರೆದುಕೊಳ್ಳುವುದರ ಜೊತೆಗೆ ಚಂದಾ ರಸೀದಿ ಪುಸ್ತಕವನ್ನೂ ಹಿಡಿದುಕೊಂಡು ಹೋಗಿ. ಪತ್ರಿಕೆ ಬರದಿದ್ದರೆ ದುಡ್ಡು ವಾಪಸ್ ಅಂತ ಬರೆದುಕೊಡಿ. ಹೂಂ ಅಂದವರಲ್ಲಿ ಎಷ್ಟು ಜನ ಜೇಬಿಗೆ ಕೈ ಹಾಕುತ್ತಾರೆ ನೋಡಿ, ಅದಕ್ಕಿಂತ ಸರಿಯಾದ ಸಮೀಕ್ಷೆ ನನಗೆ ಗೊತ್ತಿಲ್ಲ.

ಸ್ಯಾಂಪಲ್_ಸೀನ:

ಬಂಡಲ್ ಸಾರ್ ಹೇಳಿದ ರಸೀದಿ ಪುಸ್ತಕಕ್ಕೆ ನನ್ನ ಓಟು.

"ಕೊರತೆ ಇದೆ ಅಂತ ಅನ್ನಿಸುತ್ತದೆಯೇ" ಪ್ರಶ್ನೆ ತೆಗೆದುಹಾಕಿ. ಅದರೊಳಗೇ ಉತ್ತರ ಕೂತಿದೆ. ಸಂಗೀತದ ಬಗ್ಗೆ ಕೊನೆಯದಾಗಿ ಓದಿದ್ದು ಏನು, ಯಾವ ಭಾಷೆಯಲ್ಲಿ, ಯಾರು ಕಳಿಸಿದ್ದು ಅಂತ ಕೇಳಿ, ಸಾಕು.

ಕಾಫಿ ಅಂಗಡಿ ಹತ್ತಿರ ಮಾತ್ರ ನಿಲ್ಲಬೇಡಿ ಮಾರಾಯರೇ. ಮೃದಂಗದಂಥ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾದ ಕೂಡಲೇ ಎದ್ದು ಕಾಫಿಗೆ ಬರುವವರನ್ನೇ ಕೇಳುತ್ತಾ ಹೋದರೆ ಮೃದಂಗದ ಬಗ್ಗೆ ಓದುವವರು ರಾಜ್ಯದಲ್ಲೇ ಇಲ್ಲ ಅಂತ ಫಲಿತಾಂಶ ಬರುತ್ತದೆ. ಕಚೇರಿ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಹೊರಗೆ ಬರುವ ಪ್ರತಿ ಹತ್ತನೆಯವರನ್ನು ತಡೆದು ಕೇಳಿ, ಮುಖ ನೋಡಿ ಆರಿಸಬೇಡಿ, ಬೇಗ ಎದ್ದು ಹೋಗುವವರಿಗೆ ಒಬ್ಬರು ಮೊದಲೇ ನಿಂತಿರಲಿ. ಬಸ್ಸು ತಪ್ಪುತ್ತದೆ ಅಂತ ಓಡುವವರಿಗೆ ಪ್ರಶ್ನೆ ಬೇಡ, ಫೋನ್ ನಂಬರ್ ತೆಗೆದುಕೊಂಡು ಮರುದಿನ ಮಾಡಿ.